ಹನಿಗೊಂದು ಜೋಳದ ಕಾಳು

ನಮ್ಮವ್ವನಿಗೆ ಓದು ಬರುತ್ತಿರಲಿಲ್ಲ. ಎಣಿಕೆ ಕೂಡ ಇಪ್ಪತ್ತರ ಆಚೆ ಹೋಗುತ್ತಿರಲಿಲ್ಲ. ಆದರೆ ರೊಟ್ಟಿಯಾಗಲಿ, ಸಗಣಿಯ ಕುಳ್ಳಾಗಲಿ, ಅವಳು ಎಣಿಸಿದ್ದು ತಪ್ಪಿದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಯಾಕೆಂದರೆ ಹೇಳಬೇಕಾದ ದಿನ, ಹೇಳಬೇಕಾದವರ ಮುಂದೆ, ನಾನು ಇದನ್ನು ಹೇಳಲಿಲ್ಲ.

ನಮ್ಮದು ದುಂಡಸಿ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಹದಿನೈದು, ತಂಗಿಗೆ ಆರು. ಅವಳು ಅಂಬೆಗಾಲಿಡುವವರೆಗೆ ಎಲ್ಲ ಸರಿಯಿತ್ತು. ಎದ್ದು ನಿಂತ ಮೇಲೆ ಕಾಲು ಬಾಗತೊಡಗಿದವು. ಎರಡೂ ಪಾದ ಜೋಡಿಸಿ ನಿಂತರೆ ಮೊಣಕಾಲುಗಳ ನಡುವೆ ಒಂದು ಚೆಂಬು ತೂರಿಸಬಹುದಿತ್ತು. ನಡೆಯುವಾಗ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ವಾಲುತ್ತಿದ್ದಳು. ಓಣಿಯ ಹುಡುಗರು ಅವಳ ಹಿಂದೆ ಹಾಗೆಯೇ ವಾಲುತ್ತ ಹೋಗುತ್ತಿದ್ದರು. ಅವಳು ತಿರುಗಿ ನೋಡಿ, ತನ್ನ ಜೊತೆ ಆಡುತ್ತಿದ್ದಾರೆಂದುಕೊಂಡು ನಗುತ್ತಿದ್ದಳು. ನನಗೆ ಆ ಹುಡುಗರ ಮೇಲೆ ಬರಬೇಕಾದ ಸಿಟ್ಟು ಅವಳ ನಗುವಿನ ಮೇಲೆ ಬರುತ್ತಿತ್ತು.

ಮೊದಲು ಹಿರೇಕೆರೂರು ಕಡೆಯಿಂದ ಎಲುಬು ಕಟ್ಟುವವನೊಬ್ಬನನ್ನು ಕರೆಸಿದರು. ಅವನು ಬಿದಿರಿನ ದಬ್ಬೆ ಇಟ್ಟು ಬಿಗಿದು ಕಟ್ಟಿದ. ಹುಡುಗಿ ಹದಿನೈದು ದಿನ ಅತ್ತಳು, ಕಾಲು ಹಾಗೆಯೇ ಉಳಿದವು. ಆಮೇಲೆ ಬಂಕಾಪುರದ ಒಬ್ಬ ವೈದ್ಯರು ಮೀನೆಣ್ಣೆ ಕೊಟ್ಟರು. ಅಪ್ಪನ ತಾಯಿ, ನಮ್ಮ ಆಯಿ, ಆ ಸೀಸೆಯನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಲಿಂಗ ಕಟ್ಟಿದ ಮನೆಯಲ್ಲಿ ಮೀನಿನ ಎಣ್ಣೆಯೇ ಎಂದಳು. ಸೀಸೆ ದನದ ಕೊಟ್ಟಿಗೆಯ ಗೂಡಿನಲ್ಲಿ ಉಳಿಯಿತು. ಅವ್ವ ದಿನಾಲೂ ತಂಗಿಯನ್ನು ಹಿತ್ತಲಿಗೆ ಎತ್ತಿಕೊಂಡು ಹೋಗಿ, ಬಿಸಿಲಿನಲ್ಲಿ ನಿಲ್ಲಿಸಿ, ಒಂದು ಚಮಚ ಕುಡಿಸಿ, ತಾನು ತಲೆಗೆ ನೀರು ಹಾಕಿಕೊಂಡು ಒಳಗೆ ಬರುತ್ತಿದ್ದಳು. ಚಳಿಗಾಲದಲ್ಲೂ ಬಿಡಲಿಲ್ಲ. ಒಂದು ವರ್ಷವಾದರೂ ಚೆಂಬು ತೂರುವ ಸಂದು ಹಾಗೇ ಇತ್ತು.

ಕೊನೆಗೆ ಶಿಗ್ಗಾಂವಿಯಲ್ಲಿ ದವಾಖಾನೆ ಇಟ್ಟಿದ್ದ ಡಾಕ್ಟರೊಬ್ಬರು ಅವಳನ್ನು ನೋಡಿ, ಹುಬ್ಬಳ್ಳಿಗೆ ಕಳಿಸಿ, ರಕ್ತ ತೆಗೆಸಿ, ಎಲುಬಿನ ಚಿತ್ರ ತೆಗೆಸಿದರು. ವರದಿ ಬಂದ ದಿನ ಅಪ್ಪ, ಅವ್ವ, ನಾನು ಮೂವರೂ ಅವರ ಮುಂದಿದ್ದೆವು.

"ಸಾದಾ ರಿಕೆಟ್ಸ್ ಆಗಿದ್ರ ಬಿಸಲು, ಮೀನೆಣ್ಣಿ, ಇಷ್ಟರಾಗ ಹೋಗ್ತಿತ್ತು," ಎಂದರು ಡಾಕ್ಟರು. "ಇದು ಬ್ಯಾರೆ ನಮೂನಿ. ಎಲುಬಿಗೆ ಬೇಕಾದ ರಂಜಕ ಈಕಿ ಮೈಯಾಗ ನಿಲ್ಲವಲ್ತು, ಉಚ್ಚಿಯೊಳಗ ಸೋರಿ ಹೋಗಾಕತ್ತೇತಿ. ಅದಕ್ಕ ವಿಟಮಿನ್ ಡಿ ಭಾಳ ದೊಡ್ಡ ಪ್ರಮಾಣದಾಗ ಕೊಡಬೇಕು. ಬ್ಯಾರೆ ಹುಡುಗೂರಿಗೆ ಅಷ್ಟು ಕೊಟ್ರ ಅದು ವಿಷ. ಈಕಿಗೂ ಒಂದು ಮಟ್ಟ ದಾಟಿದ್ರ ವಿಷನ."

"ಕಾಲು ನೆಟ್ಟಗಾಗ್ತಾವೇನ್ರಿ?" ಎಂದಳು ಅವ್ವ.

"ಎಲುಬು ಇನ್ನೂ ಮೆತ್ತಗ ಅದಾವು. ಈಗ ಹಿಡದ್ರ ಆಗ್ತಾವು. ತಡಾ ಆದ್ರ ಇಲ್ಲ."

ಅವ್ವ ಮತ್ತೊಂದು ಪ್ರಶ್ನೆ ಕೇಳಿದಳು, ಆಯಿಯ ಪರವಾಗಿ. ಈ ಔಷಧ ಮೀನಿನದಲ್ಲವೆಂದು ಡಾಕ್ಟರು ಹೇಳಿದ ಮೇಲೆ ಅದರ ಸೀಸೆ ನಮ್ಮ ಅಡುಗೆಮನೆಯ ಗೂಡಿಗೇ ಬಂತು.

ಒಂದು ಮಟ್ಟ ದಾಟಿದರೆ ವಿಷ ಎಂದರಲ್ಲ, ಆ ಮಟ್ಟವನ್ನು ತಿಳಿಯುವ ಉಪಾಯವನ್ನು ಡಾಕ್ಟರು ನನಗೇ ತೋರಿಸಿದರು. ಗಾಜಿನ ನಳಿಗೆಯಲ್ಲಿ ಸ್ವಲ್ಪ ಮೂತ್ರ ಹಾಕಿ, ಅಷ್ಟೇ ಪ್ರಮಾಣದ ಒಂದು ಔಷಧ ಸುರಿದರು. ತಿಳಿಯಾಗಿಯೇ ಉಳಿದರೆ ಹನಿ ಇನ್ನೂ ಏರಿಸಬಹುದು. ಗಂಜಿಯ ತಿಳಿಯಷ್ಟು ಮಬ್ಬಾದರೆ ಸರಿಯಾಗಿದೆ ಎಂದರ್ಥ. ಹಾಲಿನಂತೆ ಬೆಳ್ಳಗಾದರೆ ಮೈಯಲ್ಲಿ ಸುಣ್ಣ ಏರಿದೆ, ಅವತ್ತೇ ಔಷಧ ನಿಲ್ಲಿಸಬೇಕು. ವಾರಕ್ಕೊಮ್ಮೆ ಬೆಳಗಿನ ಮೂತ್ರ ಬರಲೇಬೇಕು ಎಂದರು. ದೂರ ನಡೆಯಲಾಗದ ಹುಡುಗಿಯನ್ನು ಪ್ರತಿ ವಾರ ಬಸ್ಸಿನಲ್ಲಿ ಹೊತ್ತು ತರುವವರು ಯಾರು? ನಾನು ಶಿಗ್ಗಾಂವಿಯ ಹೈಸ್ಕೂಲಿಗೆ ದಿನಾಲೂ ಬರುತ್ತಿದ್ದೆ. ಹೀಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ಸೋಮವಾರ ಬೇಡವೆಂದಳು ಆಯಿ, ಅದು ದೇವರ ವಾರ. ಮಂಗಳವಾರವೆಂದು ಗೊತ್ತಾಯಿತು.

ಹನಿ ಹಾಕುವುದು ಅವ್ವನ ಕೆಲಸ. ಡಾಕ್ಟರು ಚೀಟಿಯಲ್ಲಿ ಬರೆದಷ್ಟು ಜೋಳದ ಕಾಳುಗಳನ್ನು ನಾನು ಎಣಿಸಿ ಒಂದು ಹಿತ್ತಾಳೆಯ ಬಟ್ಟಲಿಗೆ ಹಾಕಿಡುತ್ತಿದ್ದೆ. ಅವ್ವ ಹಾಲಿಗೆ ಒಂದು ಹನಿ ಬಿಟ್ಟರೆ ಒಂದು ಕಾಳನ್ನು ಎತ್ತಿ ಪಕ್ಕದ ಬಟ್ಟಲಿಗೆ ಹಾಕುವಳು. ಇನ್ನೊಂದು ಹನಿ, ಇನ್ನೊಂದು ಕಾಳು. ಕಾಳು ಮುಗಿದ ಕೂಡಲೇ ಸೀಸೆಗೆ ಬೂಚು. ಆ ಹೊತ್ತಿನಲ್ಲಿ ಯಾರು ಕರೆದರೂ ಓಗೊಡುತ್ತಿರಲಿಲ್ಲ. ಒಮ್ಮೆ ಅಪ್ಪನೇ ಹೊರಗಿನಿಂದ ಕೂಗಿ ಕೂಗಿ ಸಿಟ್ಟಾಗಿ ಒಳಗೆ ಬಂದ. ಅವ್ವ ಕಾಳಿನ ಮೇಲಿನ ಕಣ್ಣು ತೆಗೆಯಲಿಲ್ಲ. ಅಪ್ಪ ಸುಮ್ಮನೆ ಹೋಗಿ ಹೊರಗೆ ಕುಳಿತ.

ಮಂಗಳವಾರ ಬೆಳಿಗ್ಗೆ ತಂಗಿಯದು ದೊಡ್ಡ ಸಂಭ್ರಮ. ಶಾಲೆಗೆ ಹೋಗದ ಹುಡುಗಿ. ನನ್ನ ಪರೀಕ್ಷೆಯ ಮಾತುಗಳನ್ನು ಕೇಳಿ ಕೇಳಿ, ಇದು ತನ್ನ ಪರೀಕ್ಷೆ ಎಂದುಕೊಂಡಿದ್ದಳು. ಮೂತ್ರ ತುಂಬಿದ ಸೀಸೆಯನ್ನು ತಾನೇ ಹಿಡಿದು ತಂದು ನನ್ನ ಕೈಗೆ ಕೊಟ್ಟು, "ಹುಷಾರು, ಚೆಲ್ಲೀಯಬೇ ಅಕ್ಕಾ," ಎನ್ನುವಳು. ಸಂಜೆ ನಾನು ಬಸ್ಸಿಳಿದು ಬರುವಾಗ ಕಟ್ಟೆಯ ಮೇಲೆ ಕುಳಿತಿರುತ್ತಿದ್ದಳು.

"ಇವತ್ತ ನಾ ಪಾಸಾದ್ನೇನು?"

"ಪಾಸ್."

ಅಷ್ಟಕ್ಕೇ ಅವಳಿಗೆ ಊಟ ಸೇರುತ್ತಿತ್ತು. ಮೊದಲ ನಾಲ್ಕು ತಿಂಗಳು ಅವಳು ನಿಜವಾಗಿಯೂ ಪಾಸಾದಳು. ಅವ್ವ ರಾತ್ರಿ ಅವಳ ಪಾದ ಜೋಡಿಸಿ, ಮೊಣಕಾಲ ನಡುವೆ ಬೆರಳು ಇಟ್ಟು ಅಳೆಯುತ್ತಿದ್ದಳು. ಆರು ಬೆರಳು ಇದ್ದದ್ದು ಐದಾಯಿತು. ದೀಪಾವಳಿಯ ಹೊತ್ತಿಗೆ ಐದನೆಯ ಬೆರಳು ಬಿಗಿಯಾಗತೊಡಗಿತು. ಅವ್ವ ಆ ಬೆರಳನ್ನು ಆಯಿಗೆ ತೋರಿಸಿದಳು, ನೆರೆಮನೆಯವರಿಗೂ ತೋರಿಸಿದಳು.

ಇನ್ನು ನನ್ನ ವಿಷಯ.

ನಮ್ಮ ತರಗತಿಯಲ್ಲಿ ಹುಡುಗಿಯರು ಮೂವರೇ. ಹಳ್ಳಿಯಿಂದ ಬರುವವಳು ನಾನೊಬ್ಬಳೇ. ಇಸ್ತ್ರಿಯಿಲ್ಲದ ನನ್ನ ಲಂಗ, ನನ್ನ ಮಾತು, ಎಲ್ಲದರ ಬಗೆಗೂ ನನಗೆ ಸಂಕೋಚ. ಅದರ ಮೇಲೆ ವಾರಕ್ಕೊಮ್ಮೆ ಚೀಲದಲ್ಲಿ ಈ ಸೀಸೆ. ಬಸ್ಸಿನಲ್ಲಿ ತಡಸದ ಕಡೆಯ ಒಬ್ಬ ಅಜ್ಜಿ, "ಏನಬೇ ಅದು, ಕುಸುಬಿ ಎಣ್ಣಿಯೇನು? ಎಲ್ಲಿ ತೊಗೊಂಡಿ?" ಎಂದು ಕೇಳಿದ್ದಳು. ಹೌದು ಎಂದಿದ್ದೆ. ಆಕೆ ಬೂಚು ತೆಗೆದು ವಾಸನೆ ನೋಡಲು ಕೈ ಚಾಚಿದಳು. ಇಳಿಯುವ ಊರು ಬಂದಿಲ್ಲದಿದ್ದರೂ ನಾನು ಎದ್ದು ಬಾಗಿಲಲ್ಲಿ ನಿಂತೆ. ಇದನ್ನೆಲ್ಲ ಈಗ ಹೇಳಿದರೆ ನಗು ಬರುತ್ತದೆ. ಆಗ ಬರಲಿಲ್ಲ.

ಆಮೇಲಿನದಕ್ಕೆ ಈಗಲೂ ನಗು ಬರುವುದಿಲ್ಲ. ಒಂದು ಮಂಗಳವಾರ ಬಸ್ಸಿನ ಕುಲುಕಾಟಕ್ಕೆ ಬೂಚು ಸಡಿಲಾಗಿ ಸೀಸೆ ಚೀಲದಲ್ಲೇ ಸೋರಿತು. ನನಗೆ ಗೊತ್ತಾದದ್ದು ತರಗತಿಯಲ್ಲಿ ಪುಸ್ತಕ ತೆಗೆದಾಗ. ಪಕ್ಕದಲ್ಲಿ ಕೂಡುತ್ತಿದ್ದ ಸವಣೂರಿನ ವೀಳ್ಯದೆಲೆ ವ್ಯಾಪಾರಿಯ ಮಗಳು ಮೂಗಿಗೆ ಸೆರಗು ಹಿಡಿದು ಎದ್ದು ಮುಂದಿನ ಬೆಂಚಿಗೆ ಹೋದಳು. ಮಾಸ್ತರರು ಯಾಕೆಂದು ಕೇಳಿದರು. ಹಿಂದಿನಿಂದ ಒಬ್ಬ ಹುಡುಗ ಹೇಳಿದ. ಇಡೀ ತರಗತಿ ನಕ್ಕಿತು. ಮಾಸ್ತರರು ನಗಲಿಲ್ಲ, ಆದರೆ ನನಗೆ ಚೀಲ ಹೊರಗಿಟ್ಟು ಬರಲು ಹೇಳಿದರು. ಇಡೀ ದಿನ ಆ ಚೀಲ ವರಾಂಡದಲ್ಲಿ ಬಿದ್ದಿತ್ತು. ಬಂದವರು ಹೋದವರು ಅದನ್ನು ಬಳಸಿಕೊಂಡು ಹೋಗುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ.

ಮುಂದಿನ ಮಂಗಳವಾರ ದುಂಡಸಿಯ ಬಸ್ಸು ನಿಲ್ಲುವಲ್ಲಿ, ಬೇಲಿಯ ಹಿಂದೆ ಹೋಗಿ ಸೀಸೆಯನ್ನು ಚೆಲ್ಲಿದೆ. ಬಾವಿಯ ನೀರಿನಲ್ಲಿ ತೊಳೆದು, ಖಾಲಿ ಸೀಸೆಯನ್ನು ಚೀಲಕ್ಕೆ ಹಾಕಿಕೊಂಡೆ. ಮಧ್ಯಾಹ್ನದ ಬಿಡುವಿನಲ್ಲಿ ಹುಡುಗಿಯರಿಗೆಂದು ಕಟ್ಟಿದ್ದ ತಗಡಿನ ಮರೆಯ ಮೋರಿಗೆ ಹೋಗಿ, ನನ್ನದನ್ನೇ ತುಂಬಿಕೊಂಡು, ಎರಡು ಹೆಜ್ಜೆಯ ಮೇಲಿದ್ದ ದವಾಖಾನೆಗೆ ಕೊಟ್ಟುಬಂದೆ. ಎಷ್ಟು ಸುಲಭ ಎನ್ನಿಸಿತು. ಅಕ್ಕನದಾದರೇನು, ತಂಗಿಯದಾದರೇನು, ಒಂದೇ ಮನೆಯ ಅನ್ನ ಉಂಡವರು ಎಂದುಕೊಂಡೆ. ವಿಜ್ಞಾನದಲ್ಲಿ ಒಳ್ಳೆಯ ಅಂಕ ತೆಗೆಯುತ್ತಿದ್ದ ಹುಡುಗಿ ನಾನು. ಅಷ್ಟು ದಡ್ಡಿಯಾಗಿರಲಿಲ್ಲ. ದಡ್ಡಿಯಾಗಿರುವುದು ಆಗ ನನಗೆ ಅನುಕೂಲವಾಗಿತ್ತು.

ಹನಿ ಕುಡಿಯದ ನನ್ನ ಮೂತ್ರ ಮಬ್ಬಾಗಲಿಲ್ಲ. ಡಾಕ್ಟರು ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದರು. "ತಿಳಿ ಐತಿ. ಇನ್ನ ಏರಸಬಹುದು," ಎಂದು ಚೀಟಿಯಲ್ಲಿ ಎರಡು ಹನಿ ಹೆಚ್ಚು ಬರೆದರು. ಎರಡು ವಾರದ ನಂತರ ಇನ್ನೂ ಮೂರು. ಮನೆಗೆ ಬಂದು ನಾನು ಬಟ್ಟಲಿಗೆ ಕಾಳು ಹೆಚ್ಚಿಸಿದೆ. ಅವ್ವ ಸಂತೋಷಪಟ್ಟಳು. ಕಾಳು ಹೆಚ್ಚಾದಷ್ಟೂ ಕಾಲು ಬೇಗ ನೆಟ್ಟಗಾಗುತ್ತವೆ ಎಂಬುದು ಅವಳ ಲೆಕ್ಕ. ಕಟ್ಟೆಯ ಮೇಲಿನ ಪ್ರಶ್ನೆಗೆ ನಾನು ಪ್ರತಿ ಮಂಗಳವಾರ ಪಾಸ್ ಎಂದೇ ಹೇಳಿದೆ.

ಹೀಗೆ ಆರು ಮಂಗಳವಾರ ನಡೆಯಿತು.

ಮೂರನೆಯ ವಾರದಿಂದ ತಂಗಿಗೆ ನೀರಡಿಕೆ ಶುರುವಾಯಿತು. ತಂಬಿಗೆ ತಂಬಿಗೆ ನೀರು ಕುಡಿಯುವಳು, ಮತ್ತೆ ಮತ್ತೆ ಮೂತ್ರಕ್ಕೆ ಎದ್ದು ಹೋಗುವಳು, ಹಾಸಿಗೆಯಲ್ಲೂ ಆಗುತ್ತಿತ್ತು. ರೊಟ್ಟಿ ಬೇಡವೆಂದಳು, ಆಮೇಲೆ ಹಾಲೂ ಬೇಡವೆಂದಳು. ಹೊಟ್ಟೆ ಕಟ್ಟಿತು. ಔಷಧ ಉಷ್ಣವಾಗಿದೆ ಎಂದು ಆಯಿ ಮಜ್ಜಿಗೆ ಕುಡಿಸಿದಳು, ನೆತ್ತಿಗೆ ಹರಳೆಣ್ಣೆ ಒತ್ತಿದಳು. ನೀರಡಿಕೆ, ವಾಂತಿ, ಹೊಟ್ಟೆ ಕಟ್ಟುವುದು, ಇವುಗಳಲ್ಲಿ ಯಾವುದು ಕಂಡರೂ ಓಡಿ ಬಂದು ಹೇಳು ಎಂದು ಡಾಕ್ಟರು ನನಗೆ ಮೊದಲ ದಿನವೇ ಹೇಳಿದ್ದರು. ನನಗೇ ಹೇಳಿದ್ದರು, ಬೇರೆ ಯಾರಿಗೂ ಅಲ್ಲ. ಹೇಳಿದರೆ ಅವರು ಸೀಸೆಯ ಬಗ್ಗೆ ಕೇಳುತ್ತಾರೆ ಎಂಬ ಅಂಜಿಕೆಗೆ ನಾನು ಬಾಯಿ ಮುಚ್ಚಿಕೊಂಡೆ. ಮಜ್ಜಿಗೆಯಿಂದ ಕಡಿಮೆಯಾಗಬಹುದು ಎಂದು ಆಯಿಯಂತೆ ನಾನೂ ನಂಬಿದೆ, ಅಥವಾ ನಂಬಿದಂತೆ ಇದ್ದೆ.

ಏಳನೆಯ ಮಂಗಳವಾರ ಬೆಳಿಗ್ಗೆ ಅವಳು ವಾಂತಿ ಮಾಡಿಕೊಂಡು ಗೋಡೆಗೊರಗಿ ಕುಳಿತಿದ್ದಳು. ಎದ್ದೇಳಲು ಆಗಲಿಲ್ಲ. ಆದರೂ ಅವ್ವನನ್ನು ಹಿಡಿದುಕೊಂಡು ಹಿತ್ತಲಿಗೆ ಹೋಗಿ, ಸೀಸೆ ತುಂಬಿಸಿ ತಂದು ನನ್ನ ಕೈಗೆ ಕೊಟ್ಟಳು. "ಚೆಲ್ಲಬ್ಯಾಡಬೇ," ಎಂದಳು. ದನಿಯೇ ಇರಲಿಲ್ಲ. ಅವತ್ತು ನಾನು ಬೇಲಿಯ ಹಿಂದೆ ಹೋಗಲಿಲ್ಲ. ಸೀಸೆಯನ್ನು ಚೀಲಕ್ಕೂ ಹಾಕದೆ, ಬಸ್ಸಿನಲ್ಲಿ ಎಲ್ಲರೆದುರು ಎರಡೂ ಕೈಯಲ್ಲಿ ಹಿಡಿದು ಕುಳಿತೆ. ಯಾರೂ ಏನೂ ಕೇಳಲಿಲ್ಲ.

ಶಾಲೆಗೆ ಹೋಗದೆ ನೇರವಾಗಿ ದವಾಖಾನೆಗೆ ಹೋದೆ. ಡಾಕ್ಟರು ಔಷಧ ಸುರಿದ ಕೂಡಲೇ ನಳಿಗೆ ಹಾಲಿನಂತೆ ಬೆಳ್ಳಗಾಯಿತು. ಅವರು ನಳಿಗೆ ತೊಳೆದು ಮತ್ತೊಮ್ಮೆ ಮಾಡಿದರು. ಮತ್ತೂ ಬೆಳ್ಳಗೆ. ನನ್ನ ಮುಖ ನೋಡಿ ಒಂದೇ ಮಾತು ಹೇಳಿದರು: "ಈಗಿಂದೀಗ ಕರಕೊಂಡು ಬರ್ರಿ ಅನ್ನು."

ಸಿಕ್ಕ ಬಸ್ಸಿಗೆ ಊರಿಗೆ ಓಡಿದೆ. ಸಂಜೆಯ ಹೊತ್ತಿಗೆ ಅಪ್ಪ ಚಕ್ಕಡಿಯಲ್ಲಿ ಹುಲ್ಲು ಹಾಸಿ ಅವಳನ್ನು ಮಲಗಿಸಿಕೊಂಡು, ಅವ್ವನನ್ನೂ ನನ್ನನ್ನೂ ಕೂರಿಸಿಕೊಂಡು ದವಾಖಾನೆಗೆ ಬಂದ. ಅವ್ವನ ಮಡಿಲಲ್ಲಿ ಔಷಧದ ಸೀಸೆ ಇತ್ತು, ಎರಡು ಹಿತ್ತಾಳೆಯ ಬಟ್ಟಲೂ ಇದ್ದವು. ಅವನ್ನು ಯಾಕೆ ತಂದಳೋ ಆಗ ನನಗೆ ತಿಳಿಯಲಿಲ್ಲ.

ಡಾಕ್ಟರು ಹುಡುಗಿಯ ನಾಲಿಗೆ, ಹೊಟ್ಟೆ ಎಲ್ಲ ನೋಡಿ, ಹುಬ್ಬಳ್ಳಿಗೆ ಚೀಟಿ ಬರೆಯುತ್ತ ಅವ್ವನ ಮೇಲೆ ಹರಿಹಾಯ್ದರು.

"ಹ್ವಾದ ವಾರದ ತನಕ ತಿಳಿ ಇತ್ತು. ಒಂದು ವಾರದಾಗ ಹಿಂಗಾಗೂದು ಶಕ್ಯ ಇಲ್ಲ. ಲಗೂ ನೆಟ್ಟಗಾಗಲಿ ಅಂತ ಹೆಚ್ಚಿಗಿ ಹಾಕಿರಿ. ಖರೆ ಹೇಳ್ರಿ."

"ಇಲ್ರಿ," ಎಂದಳು ಅವ್ವ. ಮಡಿಲಿನಿಂದ ಬಟ್ಟಲುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. "ಹನಿಗೊಂದ ಕಾಳು ಎತ್ತಿ ಇಟ್ಟೇನ್ರಿ. ಒಂದ ದಿನಾನೂ ತಪ್ಪಿಲ್ರಿ. ನಮ್ಮ ಮಗಳ ಎಣಿಸಿ ಇಟ್ಟಿರ್ತಾಳ್ರಿ, ಆಕಿನ್ನ ಕೇಳ್ರಿ."

ಡಾಕ್ಟರು ನನ್ನ ಕಡೆ ತಿರುಗಿದರು. "ಹೌದೇನು? ಹನಿ ಹಾಕೂಮುಂದ ನೀ ಬಾಜೂಕ ನಿಂತು ನೋಡೀಯೇನು?"

ಅಪ್ಪ, ಅವ್ವ, ಕಂಪೌಂಡರು ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ತಂಗಿ ಬೆಂಚಿನ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ಆ ಆರು ವಾರವೂ ಹನಿ ಹಾಕುವ ಹೊತ್ತಿನಲ್ಲಿ ನಾನು ಕನ್ನಡಿಯ ಮುಂದೆ ಹೆರಳು ಹಾಕಿಕೊಳ್ಳುತ್ತಿರುತ್ತಿದ್ದೆ. ಹಾಗಾಗಿ ನಾನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

"ಇಲ್ರಿ. ನಾ ನೋಡಿಲ್ರಿ," ಎಂದೆ.

ಅವ್ವ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ತನ್ನ ಎಣಿಕೆ ಎಲ್ಲಿ ತಪ್ಪಿತು ಎಂದು ನೆನಪು ಮಾಡಿಕೊಳ್ಳುವವಳಂತೆ ನೋಡಿದಳು. ಆಮೇಲೆ ಬಟ್ಟಲುಗಳನ್ನು ಎತ್ತಿ ಮತ್ತೆ ಮಡಿಲಿಗೆ ಹಾಕಿಕೊಂಡಳು. ಅಪ್ಪ ಅವಳಿಗೆ ಅಲ್ಲಿಯೇ, ಎಲ್ಲರ ಮುಂದೆ, ಆಡಬಾರದ ಮಾತು ಆಡಿದ. ಡಾಕ್ಟರೇ ಅವನನ್ನು ತಡೆದು, "ಓದಲಾರದ ಹೆಣ್ಣಮಗಳು, ಏನ್ ಮಾಡೂದು. ಇನ್ನ ಮ್ಯಾಲ ಔಷಧ ಈ ಹುಡುಗಿ ಕೈಯಾಗ ಇರ್ಲಿ. ಶಾಣ್ಯಾ ಅದಾಳ," ಎಂದು ನನ್ನನ್ನು ತೋರಿಸಿದರು.

ನಾಚಿಕೆ ಎಂಬ ಮಾತನ್ನು ನಾನು ಅಲ್ಲಿಯವರೆಗೆ ಬಹಳ ಅಗ್ಗವಾಗಿ ಬಳಸಿದ್ದೆ. ಲಂಗಕ್ಕೆ ಇಸ್ತ್ರಿ ಇಲ್ಲವೆಂದು ನಾಚಿಕೆ, ಚೀಲ ನಾರಿತೆಂದು ನಾಚಿಕೆ. ಅವತ್ತು ಶಾಣ್ಯಾ, ಜಾಣೆ, ಎನ್ನಿಸಿಕೊಂಡು ಅವ್ವನ ಪಕ್ಕದಲ್ಲಿ ನಿಂತಾಗ ಅದರ ನಿಜವಾದ ತೂಕ ಗೊತ್ತಾಯಿತು. ಗೊತ್ತಾದರೂ ಬಾಯಿ ತೆರೆಯಲಿಲ್ಲ.

ತಂಗಿ ಹುಬ್ಬಳ್ಳಿಯಲ್ಲಿ ಒಂದು ತಿಂಗಳಿದ್ದು ಬದುಕಿ ಬಂದಳು. ನೀರಡಿಕೆ ಹೋಯಿತು, ಊಟ ಸೇರಿತು. ಆದರೆ ಅಲ್ಲಿನ ದೊಡ್ಡ ಡಾಕ್ಟರಿಗೆ ಅವಳ ಮೂತ್ರಪಿಂಡದ ಚಿಂತೆ ಹತ್ತಿತ್ತು. ವರ್ಷದವರೆಗೆ ವಿಟಮಿನ್ ಡಿ ಪೂರ್ತಿ ನಿಲ್ಲಿಸಿದರು. ಮತ್ತೆ ಶುರು ಮಾಡಿದಾಗಲೂ ಅಂಜಿ ಅಂಜಿ, ಬೆರಳೆಣಿಕೆಯ ಹನಿ. ಮೆತ್ತಗಿದ್ದ ಎಲುಬು ಅಷ್ಟರಲ್ಲಿ ತನಗೆ ಬೇಕಾದ ಹಾಗೆ ಬಾಗಿ ಗಟ್ಟಿಯಾಗುತ್ತಿತ್ತು. ಐದು ಬೆರಳಿನ ಸಂದು ಮತ್ತೆ ಆರಾಯಿತು, ಏಳಾಯಿತು. ಅವ್ವ ಅಳೆಯುವುದನ್ನು ಬಿಟ್ಟಳು. ಮುಂದೆ ಆ ದೊಡ್ಡ ಡಾಕ್ಟರೇ, ರಂಜಕದ ಉಪ್ಪನ್ನೇ ನೀರಿನಲ್ಲಿ ಕಲಸಿ ದಿನಕ್ಕೆ ನಾಲ್ಕೈದು ಸಲ ಕುಡಿಸುವ ಹೊಸ ಚಿಕಿತ್ಸೆ ಬರುತ್ತಿದೆ, ಸಣ್ಣವಳಿದ್ದಾಗ ಇದ್ದಿದ್ದರೆ ಚೆನ್ನಾಗಿತ್ತು ಎಂದರಂತೆ. ನಮ್ಮ ಮನೆಗೆ ಬಂದದ್ದು ಆ ಮಾತು ಮಾತ್ರ, ಔಷಧ ಬರಲಿಲ್ಲ.

ಮನೆಯಲ್ಲಿ ಔಷಧದ ಗೂಡು ನನ್ನದಾಯಿತು. ಅವ್ವ ಅದರ ಹತ್ತಿರ ಸುಳಿಯಲಿಲ್ಲ. ಆಯಿಯ ಕೊನೆಯ ಕಾಯಿಲೆಯಲ್ಲಿ ಕೂಡ ಗುಳಿಗೆ ಕೊಡಲು ನೆರೆಮನೆಯವರನ್ನು ಕರೆಯುತ್ತಿದ್ದಳು. ಜಾತ್ರೆ, ಮದುವೆಗಳಲ್ಲಿ ಯಾರಾದರೂ ತಂಗಿಯ ಕಾಲು ನೋಡಿ ಹೀಗೇಕೆ ಎಂದು ಕೇಳಿದರೆ ಅವ್ವನೇ ಮುಂದಾಗಿ, "ನನ್ನ ಕೈಲೆ ಆತ್ರಿ," ಎನ್ನುತ್ತಿದ್ದಳು. ನಾನು ಪಕ್ಕದಲ್ಲೇ ಇರುತ್ತಿದ್ದೆ. ಮದುವೆಯಾಗಿ ಹಾನಗಲ್ಲಿಗೆ ಹೋದಾಗ ನನಗೆ ತವರು ಬಿಟ್ಟ ದುಃಖಕ್ಕಿಂತ ಆ ಮಾತು ಕೇಳುವುದು ತಪ್ಪಿತು ಎಂಬ ನಿರಾಳವೇ ಹೆಚ್ಚಾಗಿತ್ತು.

ದಶಕದ ಕೊನೆಗೆ ಚೊಚ್ಚಲ ಬಾಣಂತನಕ್ಕೆ ದುಂಡಸಿಗೆ ಬಂದೆ. ಕೂಸಿಗೆ ಹೊಟ್ಟೆನೋವು. ಡಾಕ್ಟರು ಎರಡು ಹನಿ ಹಾಕಲು ಒಂದು ಔಷಧ ಕೊಟ್ಟಿದ್ದರು. ಒಂದು ಮಧ್ಯಾಹ್ನ ಕೂಸು ಅವ್ವನ ತೊಡೆಯ ಮೇಲಿತ್ತು. ನಾನು ಸೀಸೆಯನ್ನು ಅವಳ ಕಡೆ ಚಾಚಿದೆ. ಅವ್ವ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನನ್ನ ಕೈಲೆ ಬ್ಯಾಡವ್ವ. ನೀನ ಹಾಕು."

ಆ ಕೈಗಳನ್ನು ನೋಡಿ ನನಗೆ ಇನ್ನು ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಸೋರಿದ ಚೀಲ, ಬೇಲಿ, ತಗಡಿನ ಮೋರಿ, ಆರು ಮಂಗಳವಾರ. ತಂಗಿ ಅಲ್ಲಿಯೇ ಕಂಬಕ್ಕೊರಗಿ ಪುಂಡಿಪಲ್ಲೆಯ ಸೊಪ್ಪು ಸೋಸುತ್ತಿದ್ದಳು. ಅವಳಿಗೆ ಈಗ ಹದಿಮೂರು. ಕುಳ್ಳಗೆ ಉಳಿದಿದ್ದಳು, ಮಾತಿನಲ್ಲಿ ಮಾತ್ರ ಯಾರಿಗೂ ಸೋಲುತ್ತಿರಲಿಲ್ಲ.

ಅವ್ವ ಕೂಸಿನ ಕಾಲು ನೀವುತ್ತ ಕೊನೆಯವರೆಗೆ ಕೇಳಿದಳು. ಆಮೇಲೆ, "ನಿಂದು ದೊಡ್ಡ ಮನಸು," ಎಂದಳು. "ನನ್ನ ಸಮಾಧಾನಕ್ಕ ಇಷ್ಟೆಲ್ಲಾ ಕಟ್ಟಿ ಹೇಳಾಕತ್ತಿ. ಬ್ಯಾಡ ಬಿಡು. ನಾನ ಎಲ್ಲೋ ಕಾಳು ತಪ್ಪಿಸಿರಬೇಕು."

ಬೈದಿದ್ದರೆ, ಹೊಡೆದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳು ನನ್ನನ್ನು ಹೊಗಳುತ್ತಿದ್ದಳು.

ತಂಗಿ ಪಲ್ಲೆಯಿಂದ ಕೈ ತೆಗೆದಳು. "ಅಕ್ಕಾ," ಎಂದಳು. "ಹಂಗಾರ ಆಗ ಪಾಸಾಗಿದ್ದು ನೀನೇನು?"

"ಹೂಂ," ಎಂದೆ.

ಅವಳು ನನ್ನನ್ನೇ ನೋಡಿದಳು. ಆ ನೋಟದ ಮುಂದೆ ನಾನು ತಲೆ ತಗ್ಗಿಸಿದ್ದನ್ನು ಅವ್ವ ಕಂಡಳು. ಕೂಸಿನ ಕಾಲು ನೀವುತ್ತಿದ್ದ ಅವಳ ಕೈ ನಿಂತಿತು. ತಂಗಿ ಕಂಬ ಹಿಡಿದು ಎದ್ದು, ವಾಲುತ್ತ ಬಂದು, ನನ್ನ ಕೈಯಿಂದ ಸೀಸೆಯನ್ನು ತೆಗೆದುಕೊಂಡಳು. ಅಡುಗೆಮನೆಗೆ ಹೋಗಿ ಹಳೆಯ ಹಿತ್ತಾಳೆಯ ಬಟ್ಟಲು ತಂದು ಅವ್ವನ ಮುಂದಿಟ್ಟಳು. ಅದರಲ್ಲಿ ಎರಡು ಜೋಳದ ಕಾಳಿದ್ದವು.

"ನೀ ಹಾಕಬೇ ಅವ್ವಾ," ಎಂದಳು.

ಅವ್ವ ನನ್ನ ಕಡೆ ನೋಡಲಿಲ್ಲ. ತಂಗಿಯ ಕೈಯಿಂದ ಸೀಸೆ ತೆಗೆದುಕೊಂಡು ಬೂಚು ಬಿಚ್ಚಿದಳು. ಆಮೇಲೆ ಕೂಸಿನ ಬಾಯಿಗೆ ಒಂದು ಹನಿ ಬಿಟ್ಟು ಒಂದು ಕಾಳು ಎತ್ತಿಟ್ಟಳು, ಇನ್ನೊಂದು ಹನಿ ಬಿಟ್ಟು ಇನ್ನೊಂದು ಕಾಳು ಎತ್ತಿಟ್ಟಳು. ಈ ಸಲ ನಾನು ಪಕ್ಕದಲ್ಲೇ ನಿಂತು ನೋಡಿದೆ.